ಮಗಳು ಥಿಯಾಲಜಿ ಓದ್ತೀನಿ ಅಂತಾಳೆ: ಸೇರೋಕೆ ಏನು ಬೇಕು, ಓದಿ ಬಂದ ಮೇಲೆ ಕೈಯಲ್ಲಿ ಏನಿರುತ್ತೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಅಂಗನವಾಡಿ ಕಾರ್ಯಕರ್ತೆ. ಮನೆಯವರು ಮೂರು ಎಕರೆಯಲ್ಲಿ ತೊಗರಿ, ಸಜ್ಜೆ ಬೆಳೆಯುತ್ತಾರೆ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಆರ್ಟ್ಸ್‌ನಲ್ಲಿ ಶೇ 74 ತೆಗೆದಿದ್ದಾಳೆ. ಒಂದನೇ ತರಗತಿಯಿಂದ ಎಲ್ಲ ಕನ್ನಡ ಮೀಡಿಯಂ. ನಾವು ಹೋಗುವುದು ಊರಿನ ಸಣ್ಣ ಕ್ರೈಸ್ತ ಸಭೆಗೆ (ಚರ್ಚಿಗೆ), ಅದು ಯಾವ ದೊಡ್ಡ ಮಿಷನ್‌ಗೂ ಸೇರಿಲ್ಲ. ಮಗಳು ಥಿಯಾಲಜಿಯಲ್ಲಿ (ದೇವಶಾಸ್ತ್ರದಲ್ಲಿ) ಆನರ್ಸ್ ಡಿಗ್ರಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಶೇ 85 ಬೇಕು, ಹೀಬ್ರೂ, ಗ್ರೀಕ್ ಮೊದಲೇ ಬರಬೇಕು ಅಂತಾನೆ. ಸಭೆಯ ಹಿರಿಯರೊಬ್ಬರು ಹೆಣ್ಣುಮಕ್ಕಳನ್ನು ತಗೊಳ್ಳುವುದೇ ಇಲ್ಲ ಅಂದರು. ಇನ್ನೊಬ್ಬರು ಬಂದು, ಇಂಟರ್‌ನ್ಯಾಷನಲ್ ಕಾಲೇಜು, ಮನೆಯಲ್ಲೇ ಕೂತು ಎರಡು ವರ್ಷದಲ್ಲಿ ಥಿಯಾಲಜಿ ಆನರ್ಸ್, ಬಿ.ಎ.ಗೆ ಸಮ, ಒಟ್ಟು 1 ಲಕ್ಷ 20 ಸಾವಿರ ರೂಪಾಯಿ ಅಂತ ಹೇಳಿ 10 ಸಾವಿರ ಅಡ್ವಾನ್ಸ್ ಇಸ್ಕೊಂಡಿದ್ದಾರೆ. ರಸೀದಿ ಕೊಟ್ಟಿಲ್ಲ. ಇಂಗ್ಲೆಂಡಿಗೂ ಕಳಿಸಬಹುದು ಅಂತಾರೆ. ಮನೆಯವರಿಗೆ ಇನ್ನೊಂದು ಭಯ, ಇದನ್ನು ಓದಿದರೆ ಜಾತಿ ಸರ್ಟಿಫಿಕೇಟ್‌ಗೆ ತೊಂದರೆ ಆಗುತ್ತದಾ ಅಂತ. ಏನು ಮಾಡಲಿ?

ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಸೇರಲು ಏನು ಬೇಕು ಅಂತ. ಆದರೆ ಪತ್ರದ ತುಂಬ ಇರುವುದು ಬೇರೆ ಭಯ. ಇಷ್ಟು ದುಡ್ಡು, ಇಷ್ಟು ವರ್ಷ ಹಾಕಿದ ಮೇಲೆ ಮಗಳ ಕೈಯಲ್ಲಿ ಬೆಲೆ ಇರುವ ಒಂದು ಕಾಗದ ಉಳಿಯುತ್ತದಾ ಅನ್ನುವ ಭಯ. ಅದು ನ್ಯಾಯವಾದ ಭಯ. ನಾನು ಬಹಳ ವರ್ಷ ಥಿಯಾಲಜಿ ಪಾಠ ಮಾಡಿದವನು, ಪ್ರವೇಶದ ಸಂದರ್ಶನಗಳಲ್ಲಿ ಮೇಜಿನ ಈಚೆ ಕೂತವನು. ಈಗ ಬಳ್ಳಾರಿಯಲ್ಲಿದ್ದೇನೆ. ಸೇರುವುದು ನಿಮ್ಮವರು ಹೆದರಿಸಿದಷ್ಟು ಕಷ್ಟ ಅಲ್ಲ. ಯಾವ ಕಾಲೇಜು, ಯಾವ ಹೊತ್ತಿನಲ್ಲಿ ಸೇರಬೇಕು ಅನ್ನುವುದರಲ್ಲೇ ಜನ ಎಡವುತ್ತಾರೆ.

ಮೊದಲು 10 ಸಾವಿರದ ವಿಷಯ, ಯಾಕಂದ್ರೆ ಅದು ಇವತ್ತೇ ಆಗಬೇಕಾದ ಕೆಲಸ. ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ದೇಶದಲ್ಲಿ ಡಿಗ್ರಿ ಕೊಡುವ ಹಕ್ಕು ಯಾರಿಗಿದೆ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ 1956ರ 22ನೇ ಕಲಂ ಹೇಳುತ್ತದೆ. ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಇಷ್ಟೇ. ಆ ವ್ಯಕ್ತಿಗೆ ಒಂದೇ ಪ್ರಶ್ನೆ ಕೇಳಿ: "ನಿಮಗೆ ಡಿಗ್ರಿ ಕೊಡುವ ಅಧಿಕಾರ ಯಾವ ಕಾಯ್ದೆಯಿಂದ ಬಂತು, ಬರೆದು ಕೊಡಿ." ನೋಂದಣಿಯಾದ ಟ್ರಸ್ಟ್ ಅನ್ನುವುದು ಉತ್ತರ ಅಲ್ಲ. ಅಮೆರಿಕದಲ್ಲಿ ನಮ್ಮ ಆಫೀಸ್ ಇದೆ ಅನ್ನುವುದೂ ಉತ್ತರ ಅಲ್ಲ. ಇಂಟರ್‌ನ್ಯಾಷನಲ್ ಅನ್ನುವ ಪದವನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆಸಬಹುದು.

ಕೊಟ್ಟ ದುಡ್ಡನ್ನು ಬರಹದಲ್ಲಿ ವಾಪಸ್ ಕೇಳಿ, ವಾಟ್ಸ್ಯಾಪ್ ಮೆಸೇಜ್ ಆದರೂ ಸರಿ. ಫೋನ್‌ಪೇಯಲ್ಲಿ ಕಳಿಸಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೈಗೆ ಕೊಟ್ಟಿದ್ದರೆ ಆಗ ಪಕ್ಕದಲ್ಲಿ ಯಾರಿದ್ದರು ಅಂತ ಬರೆದಿಡಿ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ರಾಯಚೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ದೇವರ ಕೆಲಸದವರ ಮೇಲೆ ದೂರು ಕೊಡುವುದು ಹೇಗೆ ಅಂತ ನಮ್ಮ ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆಯನ್ನೇ ನಂಬಿಕೊಂಡು ಈ ವ್ಯಾಪಾರ ನಡೆಯುತ್ತಿದೆ. ಇದೇ ರೀತಿಯಲ್ಲಿ ಹೋಟೆಲ್ ಹಾಲ್‌ಗಳಲ್ಲಿ ಶಾಲು ಹೊದಿಸಿ ಗೌರವ ಡಾಕ್ಟರೇಟ್ ಮಾರುತ್ತಾರೆ. ಒಳ್ಳೆಯ ಪಾಸ್ಟರ್‌ಗಳು ಸಾಲ ಮಾಡಿ ಆ ಕಾಗದ ತಂದಿದ್ದನ್ನು ಕಂಡಿದ್ದೇನೆ. ನನಗೆ ಬಹಳ ಸಂಕಟ ಆಗುತ್ತದೆ.

ಒಂದು ಮಾತು ಸೇರಿಸಬೇಕು. ಮಾನ್ಯತೆ ಇಲ್ಲದ ಬೈಬಲ್ ಸ್ಕೂಲ್ ಎಲ್ಲವೂ ಮೋಸ ಅಲ್ಲ. ಆರು ತಿಂಗಳು, ಒಂದು ವರ್ಷ ಪಾಠ ಮಾಡಿ, ಇದು ಸರ್ಟಿಫಿಕೇಟ್ ಮಾತ್ರ, ಡಿಗ್ರಿ ಅಲ್ಲ ಅಂತ ಮೊದಲೇ ಹೇಳುವ ಪ್ರಾಮಾಣಿಕ ಜಾಗಗಳಿವೆ. ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಅನ್ನುವ ಸಂಸ್ಥೆ ಸೆಮಿನರಿಗಳ (ಥಿಯಾಲಜಿ ಕಾಲೇಜುಗಳ) ಮಟ್ಟ ನೋಡಿ ಅಕ್ರೆಡಿಟೇಷನ್, ಅಂದರೆ ತನ್ನದೇ ಮಾನ್ಯತೆ, ಕೊಡುತ್ತದೆ. ಅದಕ್ಕೆ ಸಭೆಗಳಲ್ಲಿ, ಹೊರದೇಶದ ಸೆಮಿನರಿಗಳಲ್ಲಿ ಬೆಲೆ ಇದೆ. ಆದರೆ ಅದು ಸರ್ಕಾರದ ಮಾನ್ಯತೆ ಅಲ್ಲ. ಎರಡನ್ನೂ ಕಲಸಿ ಹೇಳುವವರ ಹತ್ತಿರ ಹುಷಾರಾಗಿರಿ.

ಇನ್ನು ಆನರ್ಸ್ ಅನ್ನುವ ಪದ. ಮಗಳು ಇದನ್ನು ಎಲ್ಲಿ ಕೇಳಿದಳೋ ಗೊತ್ತಿಲ್ಲ. ಬಿ.ಎ. ಆನರ್ಸ್ ಇನ್ ಥಿಯಾಲಜಿ ಅನ್ನುವುದು ಮುಖ್ಯವಾಗಿ ಬ್ರಿಟನ್ನಿನ ಲೆಕ್ಕ. ಅಲ್ಲಿ ಇಂಗ್ಲೆಂಡಿನಲ್ಲಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ ಓದಿ, ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತ ದರ್ಜೆಯ ಸಮೇತ ಪಡೆಯುವ ಡಿಗ್ರಿಗೆ ಆನರ್ಸ್ ಅನ್ನುತ್ತಾರೆ. ನಮ್ಮಲ್ಲೂ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಆನರ್ಸ್ ಬಂತು. ಕರ್ನಾಟಕದ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಇಲ್ಲಿನ ಥಿಯಾಲಜಿ ಕಾಲೇಜುಗಳಲ್ಲಿ ನೀವು ಹುಡುಕಬೇಕಾದ ಹೆಸರು ಆನರ್ಸ್ ಅಲ್ಲ, ಬಿ.ಡಿ. ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ.

ಬಿ.ಡಿ. ಕೊಡುವುದು ಸೆರಾಂಪುರ. ಬಂಗಾಳದ ಸೆರಾಂಪುರ ಕಾಲೇಜನ್ನು ವಿಲಿಯಂ ಕ್ಯಾರಿ ಮತ್ತು ಅವರ ಜೊತೆಗಾರರು 1818ರಲ್ಲಿ ಕಟ್ಟಿದರು. ಆಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು. ಅಲ್ಲಿನ ದೊರೆ 1827ರಲ್ಲಿ ಡಿಗ್ರಿ ಕೊಡುವ ಸನ್ನದು ಕೊಟ್ಟ. 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೆ ಕಾಯ್ದೆಯ ಬಲ ಕೊಟ್ಟಿತು. ನಾನು ಮೇಲೆ ಹೇಳಿದ ಯಾವ ಕಾಯ್ದೆ ಅನ್ನುವ ಪ್ರಶ್ನೆಗೆ ಸೆರಾಂಪುರದ ಹತ್ತಿರ ಉತ್ತರ ಇರುವುದು ಹೀಗೆ. ದೇಶದ ತುಂಬ ಅನೇಕ ಕಾಲೇಜುಗಳು ಸೆರಾಂಪುರದ ಸೆನೆಟ್‌ಗೆ, ಅಂದರೆ ಡಿಗ್ರಿ ಕೊಡುವ ಮಂಡಳಿಗೆ, ಸೇರಿವೆ. ನಮ್ಮ ರಾಜ್ಯದಲ್ಲೇ ಇರುವ ಎರಡನ್ನು ಹೇಳುತ್ತೇನೆ: ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಇದು 1910ರದ್ದು. ಇನ್ನೊಂದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬಾಸೆಲ್ ಮಿಷನ್ ಕಾಲದ ಬೇರು ಇರುವಂಥದ್ದು.

ಸೇರಲು ಏನು ಬೇಕು? ಡಿಗ್ರಿ ಆದವರಿಗೆ ಬಿ.ಡಿ. ನಾಲ್ಕು ವರ್ಷ. ಪಿಯುಸಿ ಮುಗಿಸಿದವರಿಗೆ ಐದು ವರ್ಷ. ಡಿಗ್ರಿ ಯಾವ ವಿಷಯದಲ್ಲಾದರೂ ಆಗಬಹುದು, ಬಿ.ಕಾಂ. ಆದರೂ ಸರಿ. ಪ್ರತಿ ಕಾಲೇಜು ತನ್ನದೇ ಪ್ರವೇಶ ಪರೀಕ್ಷೆ, ಸಂದರ್ಶನ ಮಾಡುತ್ತದೆ. ಇಂಗ್ಲಿಷ್ ಎಷ್ಟು ಬರುತ್ತದೆ, ಬೈಬಲ್ ಎಷ್ಟು ಓದಿದ್ದೀರಿ ಅಂತ ನೋಡುತ್ತಾರೆ. ಮಾರ್ಕ್ಸ್ ಕಾರ್ಡ್, ಟಿ.ಸಿ., ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪತ್ರ, ವೈದ್ಯರ ಸರ್ಟಿಫಿಕೇಟ್, ಸಭೆಯ ಶಿಫಾರಸು ಪತ್ರ, ಇವು ಸಾಮಾನ್ಯವಾಗಿ ಕೇಳುವ ಕಾಗದಗಳು. ತರಗತಿ ಜೂನ್ ಸುಮಾರಿಗೆ ಶುರುವಾಗುತ್ತದೆ. ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು. ಫಲಿತಾಂಶ ಬಂದ ಮೇಲೆ ನೋಡೋಣ ಅಂತ ಕೂತರೆ ಆ ವರ್ಷ ತಪ್ಪಿತು ಅಂತಲೇ ಲೆಕ್ಕ.

ಶೇ 85 ಬೇಕು ಅನ್ನುವುದು ಸುಳ್ಳು. ನಿಮ್ಮ ಮಗಳ 74 ಧಾರಾಳ ಆಯಿತು. ಹೀಬ್ರೂ, ಗ್ರೀಕ್ ಮೊದಲೇ ಬರಬೇಕು ಅನ್ನುವುದೂ ಸುಳ್ಳು. ಅವನ್ನು ಕಾಲೇಜಿನಲ್ಲೇ ಅಕ್ಷರಮಾಲೆಯಿಂದ ಕಲಿಸುತ್ತಾರೆ. ನಾನು ನೋಡಿದ ಹಾಗೆ ಕನ್ನಡ ವ್ಯಾಕರಣ ಚೆನ್ನಾಗಿ ಓದಿದ ಮಕ್ಕಳು ಗ್ರೀಕನ್ನು ಬೇಗ ಹಿಡಿಯುತ್ತಾರೆ. ವಿಭಕ್ತಿ ಪ್ರತ್ಯಯ ಅಂದರೆ ಏನು ಅಂತ ಅವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳು ಅಲ್ಲೇ ತಡವರಿಸುತ್ತಾರೆ.

ಹೆಣ್ಣುಮಕ್ಕಳನ್ನು ತಗೊಳ್ಳುವುದಿಲ್ಲ ಅಂದ ಹಿರಿಯರು ತಮ್ಮ ಸಭೆಯ ಪದ್ಧತಿಯನ್ನು ಇಡೀ ಲೋಕದ ಪದ್ಧತಿ ಅಂದುಕೊಂಡಿದ್ದಾರೆ. ಓದುವುದು ಬೇರೆ, ಪಾದ್ರಿಯಾಗಿ ಅಭಿಷೇಕ ಪಡೆದು ಸಭೆ ನಡೆಸುವುದು ಬೇರೆ. ಓದಲು ಹೆಣ್ಣುಮಕ್ಕಳಿಗೆ ಎಲ್ಲ ಮುಖ್ಯ ಕಾಲೇಜುಗಳಲ್ಲೂ ಜಾಗ ಇದೆ. ಅಭಿಷೇಕದ ವಿಷಯ ಆಯಾ ಸಭೆಗೆ ಬಿಟ್ಟಿದ್ದು. ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ 1976ರಿಂದಲೇ ಹೆಂಗಸರಿಗೆ ಅಭಿಷೇಕ ಆಗುತ್ತಿದೆ. 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಅದೂ ದೂರದಲ್ಲಲ್ಲ, ಗಡಿಯಾಚೆ ಆಂಧ್ರದ ನಂದ್ಯಾಲದ ಡಯಾಸಿಸ್‌ಗೆ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರಾಂತಕ್ಕೆ. ಮೆಥಡಿಸ್ಟರಲ್ಲೂ ಅಭಿಷೇಕ ಇದೆ. ಕ್ಯಾಥೊಲಿಕರಲ್ಲಿ ಹೆಂಗಸರಿಗೆ ಗುರುದೀಕ್ಷೆ ಇಲ್ಲ, ಆದರೆ ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರದಂಥ ಕಡೆ ಸಿಸ್ಟರ್‌ಗಳೂ ಸಾಮಾನ್ಯ ಭಕ್ತರೂ ಥಿಯಾಲಜಿ ಓದುತ್ತಾರೆ. ನಿಮ್ಮದು ಸ್ವತಂತ್ರ ಸಭೆ. ಮಗಳು ಓದಿ ಬಂದರೆ ಅಲ್ಲಿ ಪೀಠದ ಮೇಲೆ ನಿಂತು ಪ್ರಸಂಗ ಮಾಡಲು ಬಿಡುತ್ತಾರಾ? ಇದನ್ನು ಈಗಲೇ ಕೇಳಿ. ಐದು ವರ್ಷ ಆದ ಮೇಲೆ ಇಲ್ಲ ಅನ್ನಿಸಿಕೊಂಡು ಅಳುತ್ತಾ ಬಂದ ಹುಡುಗಿಯರನ್ನು ನಾನು ಸಮಾಧಾನ ಮಾಡಿದ್ದೇನೆ.

ಹಾಗಾದರೆ ನಿಜವಾಗಿ ಕಷ್ಟ ಎಲ್ಲಿದೆ? ಸಭೆಯ ಪತ್ರದಲ್ಲಿ. ಮಾರ್ಕ್ಸ್‌ಗಿಂತ ಅದಕ್ಕೆ ತೂಕ ಜಾಸ್ತಿ. ದೊಡ್ಡ ಸಭೆಗಳಲ್ಲಿ ಡಯಾಸಿಸ್ ತಾನೇ ಅಭ್ಯರ್ಥಿಯನ್ನು ಆರಿಸಿ ಕಳಿಸುತ್ತದೆ, ಖರ್ಚಿನಲ್ಲಿ ಪಾಲು ಕೊಡುತ್ತದೆ, ಓದಿ ಬಂದ ಮೇಲೆ ಸಭೆಯನ್ನೂ ಕೊಡುತ್ತದೆ. ಬದಲಿಗೆ ಇಷ್ಟು ವರ್ಷ ಸೇವೆ ಮಾಡಬೇಕು ಅಂತ ಬರೆಸಿಕೊಳ್ಳುವುದೂ ಉಂಟು. ಸಹಿ ಹಾಕುವ ಮೊದಲು ಪೂರ್ತಿ ಓದಿ. ನಿಮ್ಮಂಥ ಸಣ್ಣ ಸಭೆಯ ಮಕ್ಕಳು ಸ್ವಂತ ಖರ್ಚಿನ ಅಭ್ಯರ್ಥಿಯಾಗಿ ಅರ್ಜಿ ಹಾಕಬೇಕಾಗುತ್ತದೆ. ಕೆಲವು ಕಾಲೇಜು ತಗೊಳ್ಳುತ್ತವೆ, ಕೆಲವು ತಗೊಳ್ಳುವುದಿಲ್ಲ. ಪಾಸ್ಟರ್ ಕೊಡುವ ಪತ್ರದಲ್ಲಿ ಹುಡುಗಿ ಎಷ್ಟು ವರ್ಷದಿಂದ ಸಭೆಯಲ್ಲಿದ್ದಾಳೆ, ಸಂಡೇ ಸ್ಕೂಲ್‌ನಲ್ಲಿ ಏನು ಮಾಡಿದಳು ಅಂತ ಕೆಲಸದ ವಿವರ ಇರಲಿ. ಒಳ್ಳೆಯ ಹುಡುಗಿ, ಪ್ರಾರ್ಥನೆ ಮಾಡುತ್ತಾಳೆ ಅಂತಷ್ಟೇ ಬರೆದ ನೂರಾರು ಪತ್ರ ಓದಿದ್ದೇನೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮತ್ತೆ, ಬರೀ ಪತ್ರಕ್ಕೋಸ್ಕರ ಸಭೆ ಬದಲಾಯಿಸಬೇಡಿ. ಸಂದರ್ಶನದಲ್ಲಿ ಅದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಂದರ್ಶನದ ಬಗ್ಗೆ ಹೇಳಲೇಬೇಕು. ಒಂದು ವರ್ಷ ಒಬ್ಬ ಹುಡುಗ ಬಂದಿದ್ದ, ಶೇ 90ರ ಹತ್ತಿರ. ಯಾಕೆ ಬಂದಿ ಅಂದರೆ, ನಮ್ಮಪ್ಪ ಪಾಸ್ಟರ್, ನಾನೂ ಆಗಬೇಕು ಅಂದ. ಇನ್ನೂ ನಾಲ್ಕು ರೀತಿಯಲ್ಲಿ ಕೇಳಿದೆವು, ಅದೇ ಉತ್ತರ. ಅವನ ನಂತರ ಕೊಪ್ಪಳದ ಕಡೆಯ ಹುಡುಗಿ ಬಂದಳು. ಮಾರ್ಕ್ಸ್ 60 ದಾಟಿರಲಿಲ್ಲ. ಇಂಗ್ಲಿಷ್ ಹರಕು ಮುರುಕು. ಅವಳು ಹೇಳಿದ್ದು ಇಷ್ಟು: "ನಮ್ಮೂರಲ್ಲಿ ಎರಡು ವರ್ಷ ಮಳೆ ಆಗಲಿಲ್ಲ. ಬೋರು ಬತ್ತಿದವು. ದೇವರು ಸಿಟ್ಟಾಗಿದ್ದಾನೆ ಅಂತ ಪ್ರಸಂಗದಲ್ಲಿ ಹೇಳಿದರು. ದುಡಿದು ತಿನ್ನುವವರ ಮೇಲೇ ಯಾಕೆ ಸಿಟ್ಟು ಅಂತ ಕೇಳಿದೆ. ಯಾರೂ ಹೇಳಲಿಲ್ಲ. ಅದಕ್ಕೇ ಬಂದೀನಿ." ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಪ್ರಶ್ನೆಯೇ ಥಿಯಾಲಜಿ. ಬೈಬಲಿನ ಯೋಬನ ಪುಸ್ತಕ ಇರುವುದು ಅದರ ಬಗ್ಗೆಯೇ ಅಲ್ವಾ? ಅವಳಿಗೆ ಸೀಟು ಸಿಕ್ಕಿತು. ಆ ಹುಡುಗನಿಗೆ ಒಂದು ವರ್ಷ ಬಿಟ್ಟು ಬಾ ಅಂದೆವು.

ಈಗ ನನ್ನ ಸಲಹೆ. ಮಗಳು ಮೊದಲು ಬಿ.ಎ. ಮಾಡಲಿ. ಆಮೇಲೆ ಬಿ.ಡಿ. ಮಾಡಲಿ.

ಲೆಕ್ಕ ನೋಡಿ. ಪಿಯುಸಿ ಆದ ಕೂಡಲೇ ಹೋದರೆ ಐದು ವರ್ಷ. ಬಿ.ಎ. ಮೂರು, ಬಿ.ಡಿ. ನಾಲ್ಕು ಅಂದರೆ ಏಳು. ಜಾಸ್ತಿ ಆಗುವುದು ಎರಡೇ ವರ್ಷ. ಆ ಎರಡು ವರ್ಷಕ್ಕೆ ಪ್ರತಿಯಾಗಿ ಯಾರೂ ಪ್ರಶ್ನೆ ಮಾಡಲಾಗದ ಒಂದು ಡಿಗ್ರಿ ಕೈಗೆ ಬರುತ್ತದೆ. ಬಿ.ಡಿ.ಯನ್ನು ಬಿ.ಎ.ಗೆ ಸಮ ಅಂತ ಒಪ್ಪುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ, ಆಯಾ ನೇಮಕಾತಿ ಇಲಾಖೆಯ ಕೈಯಲ್ಲಿದೆ. ಒಂದು ಕಡೆ ಹೌದು ಅಂದದ್ದನ್ನು ಇನ್ನೊಂದು ಕಡೆ ಇಲ್ಲ ಅನ್ನಬಹುದು. ಮುಂದೆ ಬಿ.ಎಡ್. ಮಾಡಿ ಹೈಸ್ಕೂಲು ಟೀಚರ್ ಆಗಬೇಕು ಅನ್ನಿಸಿದರೆ ಡಿಗ್ರಿಯಲ್ಲಿ ಶಾಲೆಯ ವಿಷಯ ಓದಿರಬೇಕು. ಬರೀ ಬಿ.ಡಿ. ಇದ್ದರೆ ಆ ಬಾಗಿಲು ತೆರೆಯುವುದು ಕಷ್ಟ. ಥಿಯಾಲಜಿ ಓದುವಾಗ ಕೆಲವರಿಗೆ ಮಧ್ಯದಲ್ಲೇ ಮನಸ್ಸು ಬದಲಾಗುತ್ತದೆ. ಅದು ಸೋಲು ಅಲ್ಲ. ಆದರೆ ಹಿಂದೆ ಬಿ.ಎ. ಇದ್ದವರು ತಲೆ ಎತ್ತಿ ಹೊರಗೆ ಬರುತ್ತಾರೆ, ಇಲ್ಲದವರು ಒಳಗೇ ಕೊರಗುತ್ತಾರೆ.

ಇನ್ನೊಂದು ಕಾರಣ ವಯಸ್ಸು. ಹದಿನೆಂಟಕ್ಕೆ ಬಂದ ಮಕ್ಕಳಿಗೆ ಮೊದಲ ವರ್ಷ ದೊಡ್ಡ ಪೆಟ್ಟು ಬೀಳುತ್ತದೆ. ಬೈಬಲಿನ ಪುಸ್ತಕಗಳನ್ನು ಯಾರು ಬರೆದರು, ಯಾವಾಗ ಬರೆದರು ಅಂತ ಇತಿಹಾಸದ ಕಣ್ಣಿನಿಂದ ಪಾಠ ಶುರುವಾದಾಗ, ಸಂಡೇ ಸ್ಕೂಲ್‌ನಲ್ಲಿ ಕಲಿತದ್ದೆಲ್ಲ ಕುಸಿಯಿತು ಅಂತ ರಾತ್ರಿ ಹಾಸ್ಟೆಲಿನಲ್ಲಿ ಅಳುತ್ತಾರೆ. ಇತಿಹಾಸವನ್ನು ಇತಿಹಾಸವಾಗಿ ಮೂರು ವರ್ಷ ಓದಿದವರು ಆ ಪೆಟ್ಟನ್ನು ತಾಳಿಕೊಳ್ಳುತ್ತಾರೆ. ಆದ್ದರಿಂದ ಬಿ.ಎ.ಯಲ್ಲಿ ಇತಿಹಾಸ ಇರಲಿ. ಜೊತೆಗೆ ಐಚ್ಛಿಕ ಕನ್ನಡ, ಆಗದಿದ್ದರೆ ಸಮಾಜಶಾಸ್ತ್ರ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸಾಕು. ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕುವುದು. ರಾಯಚೂರಿಗೆ, ಬಳ್ಳಾರಿಗೆ, ಈಗ ಕೊಪ್ಪಳಕ್ಕೂ ಸ್ವಂತ ವಿಶ್ವವಿದ್ಯಾಲಯ ಇದೆ. ನಮ್ಮ ಕಾಲದಲ್ಲಿ ಡಿಗ್ರಿ ಕಾಗದಕ್ಕೆ ಕಲಬುರಗಿಗೋ ಧಾರವಾಡಕ್ಕೋ ಬಸ್ ಹತ್ತಬೇಕಿತ್ತು.

ಈ ದಾರಿಯಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಹೆಣ್ಣುಮಗಳಿಗೆ "ಮೊದಲು ಡಿಗ್ರಿ ಮುಗಿಸು, ಆಮೇಲೆ ನೋಡೋಣ" ಅನ್ನುವ ಮಾತಿನ ಅರ್ಥ ನಮ್ಮ ಕಡೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಎರಡನೇ ವರ್ಷಕ್ಕೆ ಒಂದು ಸಂಬಂಧ ಬರುತ್ತದೆ. ಒಳ್ಳೆಯ ಮನೆ, ಬಿಟ್ಟರೆ ಸಿಗಲ್ಲ ಅಂತಾರೆ. ಥಿಯಾಲಜಿ ಅಲ್ಲಿಗೆ ಮುಗಿಯಿತು. ಹೀಗೆ ಕಳೆದುಹೋದ ಮಕ್ಕಳನ್ನು ನೆನೆದರೆ ನನಗೆ ಈ ಸಲಹೆ ಕೊಡಲು ಕೈ ತಡೆಯುತ್ತದೆ. ಆದ್ದರಿಂದ ನೀವೂ ಮನೆಯವರೂ ಮಗಳನ್ನು ಕೂರಿಸಿಕೊಂಡು, ಮೂರು ವರ್ಷ ಆದ ಮೇಲೆ ನೀನು ಹೋಗುವುದು ಖಂಡಿತ ಅಂತ ಮಾತು ಕೊಡಿ. ಆ ಮಾತು ಕೊಡಲು ನಿಮ್ಮಿಂದ ಆಗದಿದ್ದರೆ, ಅವಳನ್ನು ಈಗಲೇ ಐದು ವರ್ಷದ ಬಿ.ಡಿ.ಗೆ ಕಳಿಸುವುದೇ ಮೇಲು. ಇದನ್ನು ಯೋಚನೆ ಮಾಡಿಯೇ ಹೇಳುತ್ತಿದ್ದೇನೆ.

ಮೂರು ವರ್ಷ ಥಿಯಾಲಜಿಯಿಂದ ದೂರ ಇರಬೇಕು ಅಂತೇನೂ ಇಲ್ಲ. ಮನೆಯಲ್ಲಿದ್ದು ಓದುವವರಿಗಾಗಿ ಸೆರಾಂಪುರವೇ ಕ್ರಿಶ್ಚಿಯನ್ ಸ್ಟಡೀಸ್‌ನಲ್ಲಿ ಡಿಪ್ಲೊಮಾ ಇಟ್ಟಿದೆ. ಅದನ್ನು ನೋಡಬಹುದು. ಅದಕ್ಕಿಂತ ಮುಖ್ಯ ಇಂಗ್ಲಿಷ್. ನಮ್ಮ ಕಡೆಯ ಮಕ್ಕಳು ಹಿಂದೆ ಬೀಳುವುದು ಬುದ್ಧಿಯಿಂದ ಅಲ್ಲ, ಇಂಗ್ಲಿಷ್ ಪುಸ್ತಕ ಓದುವ ವೇಗದಿಂದ. ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಒಂದಿದೆ. ಕನ್ನಡ ಬೈಬಲ್, ಇಂಗ್ಲಿಷ್ ಬೈಬಲ್ ಎರಡನ್ನೂ ಪಕ್ಕಪಕ್ಕ ಇಟ್ಟು ದಿನಕ್ಕೆ ಒಂದು ಅಧ್ಯಾಯ ಓದಲಿ. ಅರ್ಥ ಮೊದಲೇ ಗೊತ್ತಿರುವುದರಿಂದ ಡಿಕ್ಷನರಿ ಹುಡುಕುವ ತಲೆನೋವು ಇಲ್ಲ. ಮಾರ್ಕನ ಸುವಾರ್ತೆಯಿಂದ ಶುರು ಮಾಡಲಿ, ಅದು ಸಣ್ಣದು, ವಾಕ್ಯಗಳೂ ಸುಲಭ. ಭಾನುವಾರ ಕೇಳಿದ ಪ್ರಸಂಗವನ್ನು ಸೋಮವಾರ ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆಯಲಿ. ತಪ್ಪಾದರೂ ಪರವಾಗಿಲ್ಲ, ನಿಲ್ಲಿಸಬಾರದು ಅಷ್ಟೇ. ಮೂರು ವರ್ಷ ಹೀಗೆ ಮಾಡಿದವಳು ಪ್ರವೇಶ ಪರೀಕ್ಷೆಗೆ ಹೆದರಬೇಕಾಗಿಲ್ಲ.

ಕನ್ನಡ ಮೀಡಿಯಂ ಅಂತ ಅವಳು ಕುಗ್ಗಬಾರದು. ಜಾನ್ ಹ್ಯಾಂಡ್ಸ್ ಅನ್ನುವ ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಕೂತು ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಕಿಟೆಲ್ ಅವರ ನಿಘಂಟು ಬಂದದ್ದು 1894ರಲ್ಲಿ, ಅಂದರೆ ರೀವ್ ಅವರದ್ದು ಅದಕ್ಕೂ 62 ವರ್ಷ ಮೊದಲು. ದೇವರು, ಪಾಪ, ಕೃಪೆ ಇವಕ್ಕೆ ಕನ್ನಡದ ಯಾವ ಪದ ಹಾಕಬೇಕು ಅಂತ ನಮ್ಮ ಬಿಸಿಲಿನ ಊರಲ್ಲಿ ಕೂತು ತಲೆ ಕೆಡಿಸಿಕೊಂಡವರು ಅವರು. ಅದು ಥಿಯಾಲಜಿಯ ಕೆಲಸವೇ, ಕನ್ನಡದಲ್ಲೇ ಆದದ್ದು.

ಇಂಗ್ಲೆಂಡಿನ ವಿಷಯ ಬೇಗ ಮುಗಿಸುತ್ತೇನೆ. ಆಕ್ಸ್‌ಫರ್ಡ್, ಡರಮ್, ಎಡಿನ್‌ಬರೋಗಳಲ್ಲಿ ಥಿಯಾಲಜಿ ಆನರ್ಸ್ ಇದೆ. ಅಲ್ಲಿ ಸಭೆಯ ಪತ್ರ ಕೇಳುವುದಿಲ್ಲ, ಕ್ರೈಸ್ತರೇ ಆಗಿರಬೇಕಿಲ್ಲ, ದೇವರನ್ನು ನಂಬದವರೂ ಓದುತ್ತಾರೆ. ಕೇಳುವುದು ಮಾರ್ಕ್ಸ್, ಚೆನ್ನಾಗಿ ಪ್ರಬಂಧ ಬರೆಯುವ ಶಕ್ತಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಆಕ್ಸ್‌ಫರ್ಡ್ ತನ್ನ ಊರಿನ ಮಕ್ಕಳಿಗೇ ಎ-ಲೆವೆಲ್‌ನಲ್ಲಿ (ನಮ್ಮ ಪಿಯುಸಿಯಂಥ ಪರೀಕ್ಷೆ) ಮೂರು ಎ ಗ್ರೇಡ್ ಕೇಳುತ್ತದೆ. ಅರ್ಜಿ ಯುಕಾಸ್ ಅನ್ನುವ ಅಲ್ಲಿನ ಪ್ರವೇಶ ಸಂಸ್ಥೆಯ ಮೂಲಕ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ 15ರ ಒಳಗೆ, ಉಳಿದವಕ್ಕೆ ಸಾಮಾನ್ಯವಾಗಿ ಜನವರಿಯಲ್ಲಿ. ರಾಜ್ಯದ ಬೋರ್ಡಿನ ಪಿಯುಸಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ನೇರವಾಗಿ ಒಪ್ಪುವುದಿಲ್ಲ, ಕೆಲವು ಮೊದಲು ಒಂದು ವರ್ಷದ ಫೌಂಡೇಷನ್ ಕೋರ್ಸ್ ಮಾಡು ಅನ್ನುತ್ತವೆ. ಹೊರದೇಶದವರಿಗೆ ಇಂಥ ಕಡೆ ಫೀಸೇ ವರ್ಷಕ್ಕೆ 20 ಸಾವಿರ ಪೌಂಡ್ ದಾಟುತ್ತದೆ. ಅದರ ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯದ ಶುಲ್ಕ. ವೀಸಾಕ್ಕೆ ಒಂಬತ್ತು ತಿಂಗಳ ಊಟ ವಸತಿಯ ಖರ್ಚು 28 ದಿನ ಬ್ಯಾಂಕಿನಲ್ಲಿ ಇರಬೇಕು. ಮೂರು ಎಕರೆ ತೊಗರಿ ಹೊಲ ಮಾರಿದರೂ ಇದು ಆಗುವ ಮಾತಲ್ಲ, ಮಾರಲೂ ಬೇಡಿ. ಹೋಗುವ ಆಸೆ ಇದ್ದರೆ ಬಿ.ಡಿ. ಆದ ಮೇಲೆ, ಮುಂದಿನ ಓದಿಗೆ ಸ್ಕಾಲರ್‌ಶಿಪ್ ಮೇಲೆ ಹೋಗಲಿ. ನನ್ನ ವಿದ್ಯಾರ್ಥಿಗಳಲ್ಲಿ ಹೋದವರೆಲ್ಲ ಹಾಗೆ ಹೋದವರೇ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು, ಥಿಯಾಲಜಿ ಅಂದರೆ ಕ್ರೈಸ್ತರದ್ದು ಮಾತ್ರ ಅಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಸುನ್ನಿ ಮತ್ತು ಶಿಯಾ ಥಿಯಾಲಜಿಗೆ ಬೇರೆಬೇರೆ ವಿಭಾಗಗಳೇ ಇವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ, ವೇದ ಓದಿ ಶಾಸ್ತ್ರಿ ಪದವಿ ಪಡೆಯಬಹುದು. ಅಲ್ಲಿ ಯಾವ ಕಾಯ್ದೆ ಅನ್ನುವ ಚಿಂತೆಯೇ ಇಲ್ಲ, ಎರಡೂ ಕೇಂದ್ರೀಯ ವಿಶ್ವವಿದ್ಯಾಲಯಗಳು.

ಕೊನೆಗೆ ಮನೆಯವರ ಭಯ. ಇದು ಸೂಕ್ಷ್ಮ, ಆದರೆ ಸುತ್ತಿ ಬಳಸಿ ಹೇಳಿದರೆ ನಿಮಗೆ ಉಪಯೋಗ ಇಲ್ಲ. ಥಿಯಾಲಜಿ ಓದುವುದರಿಂದ ಯಾರ ಜಾತಿ ಸರ್ಟಿಫಿಕೇಟೂ ಹೋಗುವುದಿಲ್ಲ. ಓದು ಓದೇ. ಆದರೆ 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಎಸ್‌ಸಿ ಸ್ಥಾನ ಇದೆ. ಕಾಲೇಜಿಗೆ ದೀಕ್ಷಾಸ್ನಾನದ ಪತ್ರ ಕೊಟ್ಟು, ತಹಶೀಲ್ದಾರ್ ಕಚೇರಿಗೆ ಎಸ್‌ಸಿ ಅಂತ ಬರೆದುಕೊಟ್ಟರೆ ಮುಂದೆ ಎಂದಾದರೂ ಅದು ಅಡ್ಡ ಬರುತ್ತದೆ. ಕೆಲಸ ಸಿಕ್ಕು ಹತ್ತು ವರ್ಷ ಆದ ಮೇಲೂ ಬರಬಹುದು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ ಇಟ್ಟಿದ್ದಾರೆ. ಈ ಕಾನೂನು ನ್ಯಾಯವೇ ಅಂತ ಕೇಳಿದರೆ ನನ್ನ ಮನಸ್ಸಿನಲ್ಲಿ ಬಹಳ ನೋವಿದೆ. ದೀಕ್ಷಾಸ್ನಾನ ಆಯಿತು ಅಂತ ಊರಿನವರು ಜಾತಿ ಮರೆತದ್ದನ್ನು ನಾನು ಕಂಡಿಲ್ಲ. ಆದರೂ ಇವತ್ತಿನ ಕಾನೂನು ಇದು. ನಿಮ್ಮ ಮನೆಯ ಕಾಗದಗಳಲ್ಲಿ ಏನಿದೆ ಅಂತ ಒಬ್ಬ ವಕೀಲರ ಹತ್ತಿರ ತೋರಿಸಿ, ಅರ್ಜಿ ಹಾಕುವ ಮೊದಲೇ.

ಸಂವಿಧಾನದ 371ಜೆ ವಿಧಿಯ ಮೀಸಲಾತಿ ಮಾತ್ರ ಧರ್ಮ, ಜಾತಿ ನೋಡುವುದಿಲ್ಲ, ಕಲ್ಯಾಣ ಕರ್ನಾಟಕದವರಾ ಅಂತ ಮಾತ್ರ ನೋಡುತ್ತದೆ. ಅದು ನಿಮ್ಮ ಮಗಳಿಗೆ ಸಿಗುತ್ತದೆ. ಸೆರಾಂಪುರದ ಕಾಲೇಜಿನ ಸೀಟಿಗೆ ಅದು ನಡೆಯುವುದಿಲ್ಲ, ಬಿ.ಎ. ಆದ ಮೇಲೆ ಬಿ.ಎಡ್. ಸೀಟಿಗೋ ಸರ್ಕಾರಿ ಕೆಲಸಕ್ಕೋ ಬಹಳ ಉಪಯೋಗಕ್ಕೆ ಬರುತ್ತದೆ. ಉಪವಿಭಾಗಾಧಿಕಾರಿ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಅವಳ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಡಿಸಿಕೊಂಡು 371ಜೆ ಪ್ರಮಾಣಪತ್ರವನ್ನು ಈ ರಜೆಯಲ್ಲೇ ಅಲ್ಲಿ ಮಾಡಿಸಿಡಿ.

ಓದಿದ ಮೇಲೆ ಸಂಬಳ ಎಷ್ಟು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಕಡಿಮೆ. ಸಭೆಯ ಕೆಲಸ, ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂರುವ ಚಾಪ್ಲಿನ್ ಕೆಲಸ, ಬೈಬಲ್ ಅನುವಾದ, ಸ್ವಯಂಸೇವಾ ಸಂಸ್ಥೆ, ಮುಂದೆ ಎಂ.ಟಿ.ಎಚ್. (ಥಿಯಾಲಜಿಯ ಮಾಸ್ಟರ್ ಡಿಗ್ರಿ) ಮಾಡಿದರೆ ಪಾಠ ಮಾಡುವುದು, ಇವು ಇರುವ ದಾರಿಗಳು. ಇವುಗಳಲ್ಲಿ ಯಾರೂ ಶ್ರೀಮಂತರಾಗಿಲ್ಲ. ನಾನು ಪಾಠ ಮಾಡಿದ ವರ್ಷಗಳಿಗೆ ಮಾತ್ರ ಯಾವತ್ತೂ ಪಶ್ಚಾತ್ತಾಪ ಪಟ್ಟಿಲ್ಲ.

ಒಂದು ಕೊರತೆ ನಿಮ್ಮ ಪತ್ರದಲ್ಲಿದೆ, ಅಮ್ಮಾ. ಅಣ್ಣನ ಮಗ ಏನಂದ, ಹಿರಿಯರು ಏನಂದರು, ಮನೆಯವರು ಏನಂದರು ಅಂತೆಲ್ಲ ಬರೆದಿದ್ದೀರಿ. ಮಗಳು ಹಟ ಹಿಡಿದಿದ್ದಾಳೆ ಅಂತ ಇದೆ, ಯಾಕೆ ಅಂತ ಇಲ್ಲ. ನಾಳೆ ಸಂದರ್ಶನದಲ್ಲಿ ಅವಳನ್ನು ಮೊದಲು ಕೇಳುವುದು ಅದನ್ನೇ. ಅವಳೇ ಕೂತು ಒಂದು ಪುಟ ಬರೆದು ಕಳಿಸಲಿ. ಕನ್ನಡದಲ್ಲೇ ಇರಲಿ, ನೀವು ತಿದ್ದಬೇಡಿ. ಯಾವ ಪ್ರಶ್ನೆ ಅವಳನ್ನು ಕಾಡುತ್ತಿದೆ ಅಂತ ತಿಳಿದರೆ, ಬೆಂಗಳೂರೋ ಬಲ್ಮಠವೋ ಅಂತ ನಾನು ಇನ್ನೂ ಖಚಿತವಾಗಿ ಹೇಳಬಲ್ಲೆ.